ನಿಮ್ಮ ಮೈಗೆ ಒಪ್ಪುವ ಸೈಕಲ್ಲನ್ನು ಆರಿಸುವ ಬಗೆ: ಪುಣೆಯ ಅಂಗಡಿಗೆ ಹೋಗುವ ಮೊದಲು

ಸೈಕಲ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ: ಗೇರು ಎಷ್ಟು, ಚಕ್ರ ಎಷ್ಟು ಇಂಚಿನದು, ಬೆಲೆ ಎಷ್ಟು. ತಮ್ಮ ಕಾಲಿನ ಉದ್ದ ಎಷ್ಟೆಂದು ಅಳೆದುಕೊಂಡು ಬಂದವರನ್ನು ನಾನು ನೋಡಿರುವುದು ಬಹಳ ಕಡಿಮೆ. ಅಂಗಿ ಹೊಲಿಸುವಾಗ ತೋಳು, ಎದೆ, ಕೊರಳುಗಳ ಅಳತೆ ಕೊಡುವ, ಚಪ್ಪಲಿ ಕೊಳ್ಳುವಾಗ ಎರಡೂ ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುವ ನಾವು, ಮೈಯ ಭಾರವನ್ನು ಗಂಟೆಗಟ್ಟಲೆ ಹೊರುವ, ಮೊಣಕಾಲನ್ನು ನಿಮಿಷಕ್ಕೆ ಅರವತ್ತು ಎಪ್ಪತ್ತು ಸಲ ಮಡಚಿಸಿ ಬಿಚ್ಚಿಸುವ ಸೈಕಲ್ಲನ್ನು ಮಾತ್ರ ಕಣ್ಣಳತೆಯಲ್ಲೇ ಆರಿಸಿಬಿಡುತ್ತೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಧಾರವಾಡದಿಂದ ಕೆಲಸಕ್ಕಾಗಿ ಪುಣೆಗೆ ಬಂದು ಕೋಥ್ರೂಡಿನಲ್ಲಿ ಮನೆ ಮಾಡಿದ ಮೊದಲ ವರ್ಷ ಇಲ್ಲಿನ ಅಂಗಡಿಯೊಂದರಲ್ಲಿ ಗೇರಿನ ಸೈಕಲ್ ಕೊಂಡೆ. "26 ಇಂಚಿನದು, ಎಲ್ಲರಿಗೂ ಆಗುತ್ತದೆ" ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದೆ. ಅದು ಚಕ್ರದ ಅಳತೆ. ಫ್ರೇಮು 16 ಇಂಚಿನದು ಎಂಬುದು ನನಗೆ ಗೊತ್ತಿರಲಿಲ್ಲ, ನನ್ನ ಎತ್ತರ 178 ಸೆಂಟಿಮೀಟರ್ ಎಂಬುದನ್ನು ಯಾರೂ ಕೇಳಲೂ ಇಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲಿನ ಚಿಪ್ಪಿನ ಸುತ್ತ ನೋವು ನೆಲೆಯೂರಿತು. ಖಡಕ್‌ವಾಸ್ಲಾ ಅಣೆಕಟ್ಟಿನ ಬಳಿ ಒಂದು ಬೆಳಿಗ್ಗೆ ಹಿರಿಯ ಸವಾರರೊಬ್ಬರು ನಾನು ತುಳಿಯುವುದನ್ನು ನೋಡಿ, ತಮ್ಮ ಚೀಲದಿಂದ ಪಾನಾ ತೆಗೆದು ಸೀಟನ್ನು ಎತ್ತಲು ಹೋದರು. ಸೀಟಿನ ಕಂಬ ಕೊಳವೆಯೊಳಗೆ ಕನಿಷ್ಠ ಎಷ್ಟು ಇಳಿದಿರಬೇಕೆಂದು ತೋರಿಸಲು ಅದರ ಮೇಲೆ ಕೊರೆದಿರುವ ಕನಿಷ್ಠ ಮಟ್ಟದ ಗೆರೆ ಹೊರಗೆ ಕಾಣಿಸಿಕೊಂಡರೂ ನನ್ನ ಕಾಲಿಗೆ ಬೇಕಾದ ಎತ್ತರ ಸಿಗಲಿಲ್ಲ. ಆ ಸೈಕಲ್ ನನಗೆ ಯಾವ ಹೊಂದಾಣಿಕೆಯಿಂದಲೂ ಒಪ್ಪುವಂಥದ್ದಾಗಿರಲಿಲ್ಲ ಎಂದು ಆ ದಿನ ತಿಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಸಂಸಾರಕ್ಕೆ ಸರಿ. ಸೈಕಲ್ಲಿನ ವಿಷಯದಲ್ಲಿ ಕಾಲು ಇದ್ದಷ್ಟಕ್ಕೆ ಹಾಸಿಗೆಯನ್ನು ಹುಡುಕಬೇಕು.

ಪುಣೆಯನ್ನು ಒಂದು ಕಾಲದಲ್ಲಿ ಸೈಕಲ್ಲುಗಳ ಊರು ಎಂದೇ ಕರೆಯುತ್ತಿದ್ದರು. ಕರ್ವೆ ನಗರದಲ್ಲಿರುವ ಸೈಕಲ್ ಸಂಗ್ರಹಾಲಯಕ್ಕೆ ಹೋದರೆ ಆ ಕಾಲದ ಗಾಡಿಗಳನ್ನು ಹತ್ತಿರದಿಂದ ನೋಡಬಹುದು. ಈಗ ಮತ್ತೆ ಹಿಂಜವಡಿಯ ಕಚೇರಿಗಳಿಗೆ ಹೋಗುವವರು, ಡೆಕ್ಕನ್ ಕಡೆಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರು, ಭಾನುವಾರ ಸಿಂಹಗಡದ ಬುಡದವರೆಗೆ ಹೋಗಿ ಬರುವ ನಿವೃತ್ತರು ಸೈಕಲ್ ಹಿಡಿದಿದ್ದಾರೆ. ಇವರಲ್ಲಿ ಹೊಸದಾಗಿ ಕೊಳ್ಳಲಿರುವವರಿಗೆ ಮತ್ತು ಈಗಾಗಲೇ ಕೊಂಡು ಬೆನ್ನು, ಮೊಣಕಾಲು, ಅಂಗೈಗಳ ನೋವಿನಿಂದ ಮೂಲೆಗೆ ನಿಲ್ಲಿಸಿದವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲೇ ತೆಗೆದುಕೊಳ್ಳಬೇಕಾದ ಅಳತೆ

ಎಲ್ಲಕ್ಕಿಂತ ಮುಖ್ಯವಾದುದು ಕಾಲಿನ ಒಳ ಅಳತೆ, ಅಂದರೆ ಕವಲಿನಿಂದ ನೆಲದವರೆಗಿನ ಉದ್ದ. ಪ್ಯಾಂಟಿನ ಅಳತೆಯನ್ನು ಇದಕ್ಕೆ ಬಳಸಬಾರದು. ದರ್ಜಿಯ ಅಳತೆ ಹಿಮ್ಮಡಿಗಿಂತ ಮೇಲೆಯೇ ನಿಲ್ಲುತ್ತದೆ ಮತ್ತು ಕವಲಿನಲ್ಲಿಯೂ ಬಟ್ಟೆಗೆ ಸಡಿಲ ಬಿಟ್ಟಿರುತ್ತಾರೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಮತ್ತು ಹಿಮ್ಮಡಿ ತಾಗುವಂತೆ ನಿಂತುಕೊಳ್ಳಿ. ಪಾದಗಳ ನಡುವೆ ಸುಮಾರು ಒಂದು ಗೇಣು ಅಂತರವಿರಲಿ. ರಟ್ಟಿನ ಹೊದಿಕೆಯ ದಪ್ಪ ಪುಸ್ತಕವೊಂದರ ಬೆನ್ನು ಮೇಲಕ್ಕೆ ಬರುವಂತೆ ಕಾಲುಗಳ ನಡುವೆ ಹಿಡಿದು, ಅದರ ಒಂದು ಅಂಚು ಗೋಡೆಗೆ ಒರಗಿರುವಂತೆ, ಸೀಟಿನ ಮೇಲೆ ಕುಳಿತಾಗ ಆಗುವಷ್ಟೇ ಒತ್ತಡ ಬೀಳುವ ತನಕ ಮೇಲಕ್ಕೆ ಎತ್ತಿ. ಒತ್ತಡ ಕಡಿಮೆಯಾದರೆ ಅಳತೆ ಒಂದೆರಡು ಸೆಂಟಿಮೀಟರ್ ಕಡಿಮೆ ಬರುತ್ತದೆ, ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಮನೆಯವರೊಬ್ಬರು ಪುಸ್ತಕದ ಮೇಲಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಲಿ. ಮೂರು ಸಲ ಅಳೆದು, ಒಂದಕ್ಕೊಂದು ಹತ್ತಿರವಿರುವ ಎರಡು ಅಳತೆಗಳ ಸರಾಸರಿಯನ್ನು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯದು ಒಟ್ಟು ಎತ್ತರ. ಮೂರನೆಯದು ಮಾರು: ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದ. ನಮ್ಮ ಹಿರಿಯರು ಬಾವಿಯ ಹಗ್ಗವನ್ನು ಅಳೆಯುತ್ತಿದ್ದ ಈ ಮಾನ ಸೈಕಲ್ಲಿಗೂ ಬಹಳ ಪ್ರಯೋಜನಕಾರಿ. ಹೆಚ್ಚಿನವರಲ್ಲಿ ಮಾರು ಮತ್ತು ಎತ್ತರ ಹೆಚ್ಚುಕಡಿಮೆ ಒಂದೇ ಇರುತ್ತವೆ. ಮಾರು ನಾಲ್ಕೈದು ಸೆಂಟಿಮೀಟರ್ ಹೆಚ್ಚಿದ್ದರೆ ನಿಮ್ಮ ಕೈಗಳು ಉದ್ದ, ಹ್ಯಾಂಡಲ್ ತುಸು ದೂರವಿದ್ದರೂ ನಡೆಯುತ್ತದೆ. ಕಡಿಮೆಯಿದ್ದರೆ ಎರಡು ಫ್ರೇಮುಗಳ ನಡುವೆ ಯಾವುದೆಂದು ಸಂದೇಹ ಬಂದಾಗ ಚಿಕ್ಕ ಫ್ರೇಮಿನ ಕಡೆಗೆ ವಾಲಬೇಕು.

ಎತ್ತರವೊಂದನ್ನೇ ನೋಡಿ ಸೈಕಲ್ ಆರಿಸುವುದು ಏಕೆ ಸಾಲದು ಎಂಬುದಕ್ಕೆ ನಮ್ಮ ಸೊಸೈಟಿಯ ಒಂದು ಉದಾಹರಣೆ ಹೇಳುತ್ತೇನೆ. ಹುಬ್ಬಳ್ಳಿ ಮೂಲದ ಅಕ್ಕ ಒಬ್ಬರು ಮತ್ತು ಅವರ ಯಜಮಾನರು ಇಬ್ಬರೂ ಸರಿಯಾಗಿ 165 ಸೆಂಟಿಮೀಟರ್. ಒಂದೇ ಸೈಕಲ್ಲನ್ನು ಇಬ್ಬರೂ ಬಳಸಬಹುದೆಂದು ಕೊಂಡರು. ಅಕ್ಕನವರ ಕಾಲಿನ ಒಳ ಅಳತೆ 79, ಯಜಮಾನರದು 74. ಅಕ್ಕನವರಿಗೆ ಸೀಟು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಮೇಲೆ ಬೇಕು, ಆದರೆ ಮುಂಡ ಗಿಡ್ಡವಾಗಿರುವುದರಿಂದ ಹ್ಯಾಂಡಲ್ ಹತ್ತಿರ ಬೇಕು. ಯಜಮಾನರಿಗೆ ಎರಡೂ ತದ್ವಿರುದ್ಧ. ಸೀಟನ್ನು ಪ್ರತಿ ಸಲ ಏರಿಸಿ ಇಳಿಸಬಹುದು, ಹ್ಯಾಂಡಲ್ಲಿನ ದೂರವನ್ನು ಹಾಗೆ ಪ್ರತಿದಿನ ಬದಲಿಸಲಾಗದು. ಕೊನೆಗೆ ಇಬ್ಬರಿಗೂ ಬೇರೆ ಬೇರೆ ಸೈಕಲ್ ಬೇಕಾಯಿತು.

ಚಕ್ರದ ಇಂಚು ಬೇರೆ, ಫ್ರೇಮಿನ ಇಂಚು ಬೇರೆ

ಅಂಗಡಿಯಲ್ಲಿ ಕೇಳಿಸುವ 26, 27.5, 29 ಎಂಬ ಸಂಖ್ಯೆಗಳೆಲ್ಲ ಚಕ್ರದವು. ದೊಡ್ಡವರ ಸೈಕಲ್ಲಿನಲ್ಲಿ ಇವು ಮೈಗೆ ಒಪ್ಪುವ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದೇ ತಿಳಿಯಬೇಕು. ಡಾಂಬರು ರಸ್ತೆಯಲ್ಲಿ ವೇಗಕ್ಕೆಂದು ಮಾಡಿದ ರೋಡ್ ಸೈಕಲ್ಲು ಮತ್ತು ಅದಕ್ಕೂ ಗುಡ್ಡದ ಸೈಕಲ್ಲಿಗೂ ನಡುವಿನದಾದ ಹೈಬ್ರಿಡ್ ಸೈಕಲ್ಲುಗಳ 700ಸಿ ಎಂಬ ಚಕ್ರಕ್ಕೂ ಗುಡ್ಡದ ಸೈಕಲ್ಲಿನ 29 ಇಂಚಿನ ಚಕ್ರಕ್ಕೂ ಟೈರು ಕೂರುವ ರಿಮ್ಮಿನ ವ್ಯಾಸ ಒಂದೇ, 622 ಮಿಲಿಮೀಟರ್. ಹೆಸರು ಮಾತ್ರ ಬೇರೆ. ನಿಮಗೆ ಬೇಕಾಗಿರುವುದು ಫ್ರೇಮಿನ ಅಳತೆ. ಇದನ್ನು ವಾಡಿಕೆಯಲ್ಲಿ ತುಳಿಯುವ ಅಚ್ಚಿನ ನಡುಬಿಂದುವಿನಿಂದ, ಅಂದರೆ ಪೆಡಲುಗಳನ್ನು ಹಿಡಿದಿರುವ ಎರಡು ಕ್ರ್ಯಾಂಕುಗಳು ಕೂಡುವ ಜಾಗದಿಂದ, ಸೀಟಿನ ಕಂಬ ಇಳಿಯುವ ಕೊಳವೆಯ ಮೇಲ್ತುದಿಯವರೆಗೆ ಅಳೆಯುತ್ತಾರೆ. ರೋಡ್ ಸೈಕಲ್ಲಿನಲ್ಲಿ ಇದನ್ನು ಸೆಂಟಿಮೀಟರಿನಲ್ಲಿ, ಗುಡ್ಡದ ಸೈಕಲ್ಲಿನಲ್ಲಿ ಇಂಚಿನಲ್ಲಿ ಬರೆಯುವುದು ರೂಢಿ.

ಅಂದಾಜಿಗೆ ಒಂದು ಲೆಕ್ಕವಿದೆ. ಕಾಲಿನ ಒಳ ಅಳತೆಯನ್ನು 0.66ರಿಂದ ಗುಣಿಸಿದರೆ ರೋಡ್ ಅಥವಾ ಹೈಬ್ರಿಡ್ ಫ್ರೇಮಿನ ಅಳತೆ ಸೆಂಟಿಮೀಟರಿನಲ್ಲಿ ಬರುತ್ತದೆ, 0.57ರಿಂದ ಗುಣಿಸಿ 2.54ರಿಂದ ಭಾಗಿಸಿದರೆ ಗುಡ್ಡದ ಸೈಕಲ್ಲಿನದು ಇಂಚಿನಲ್ಲಿ ಬರುತ್ತದೆ. ಒಳ ಅಳತೆ 80 ಇದ್ದವರಿಗೆ ರೋಡ್ ಫ್ರೇಮು ಸುಮಾರು 53 ಸೆಂಟಿಮೀಟರಿನದೂ ಗುಡ್ಡದ ಫ್ರೇಮು ಸುಮಾರು 18 ಇಂಚಿನದೂ ಆಗಬೇಕು. ನನ್ನ ಒಳ ಅಳತೆ 84. ಈ ಲೆಕ್ಕದಲ್ಲಿ ನನಗೆ 19 ಇಂಚಿನ ಫ್ರೇಮು ಬೇಕಿತ್ತು, ಸಿಕ್ಕಿದ್ದು 16ರದು. ಆದರೆ ಈಗಿನ ಫ್ರೇಮುಗಳ ಮೇಲಿನ ಬಾರ್ ಹಿಂದಕ್ಕೆ ಇಳಿಜಾರಾಗಿರುವುದರಿಂದ ಈ ಅಂದಾಜು ಮೊದಲಿನಷ್ಟು ಬಿಗಿಯಾಗಿ ನಿಲ್ಲುವುದಿಲ್ಲ. ಎಸ್, ಎಂ, ಎಲ್ ಎಂಬ ಅಕ್ಷರಗಳಂತೂ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ ಪಡೆಯುತ್ತವೆ. ಆದ್ದರಿಂದ ಲೆಕ್ಕದಿಂದ ಬಂದ ಅಳತೆಯನ್ನು ಹುಡುಕಾಟದ ಆರಂಭವೆಂದು ಮಾತ್ರ ಇಟ್ಟುಕೊಳ್ಳಬೇಕು.

ಊರಿನಲ್ಲಿ ನಾವೆಲ್ಲ ಕಲಿತ ಕಪ್ಪು ಸೈಕಲ್ಲುಗಳು ಹೆಚ್ಚಾಗಿ 22 ಅಥವಾ 24 ಇಂಚಿನ ಫ್ರೇಮಿನವು, 28 ಇಂಚಿನ ಚಕ್ರದವು. ಬಾರಿನ ಮೇಲೆ ಕಾಲು ಹಾಯಿಸಲಾಗದೆ ಒಳಪೆಡಲು ತುಳಿದು ಕಲಿತ ತಲೆಮಾರಿಗೆ, ದೊಡ್ಡ ಸೈಕಲ್ಲಿಗೆ ಮೈಯನ್ನು ಹೊಂದಿಸಿಕೊಳ್ಳುವುದೇ ಸೈಕಲ್ ಸವಾರಿ ಎಂಬ ಭಾವನೆ ಉಳಿದುಬಿಟ್ಟಿದೆಯೆಂದು ನನಗೆ ಅನಿಸುತ್ತದೆ. ಡೆಕ್ಕನ್ ಬಳಿಯ ಹೋಟೆಲೊಂದಕ್ಕೆ ಕುಂದಾಪುರದಿಂದ ಬಂದ ಹುಡುಗನೊಬ್ಬ ಮುಂಜಾನೆ ಇಂಥ ಗಾಡಿಯಲ್ಲೇ ಹಾಲು ತರುತ್ತಾನೆ. ಪೆಡಲು ಕೆಳಗೆ ಹೋದಾಗಲೆಲ್ಲ ಅವನ ಸೊಂಟ ಆ ಕಡೆಗೆ ವಾಲುತ್ತದೆ. ಸೀಟನ್ನು ಪೂರ್ತಿ ಇಳಿಸಿದ್ದರೂ ಫ್ರೇಮೇ ದೊಡ್ಡದು. ಹೀಗೆ ಎಡಕ್ಕೂ ಬಲಕ್ಕೂ ವಾಲುತ್ತ ವರ್ಷಗಟ್ಟಲೆ ತುಳಿದರೆ ಸೊಂಟ ನೋಯದೆ ಇರುವುದಿಲ್ಲ. ದೊಡ್ಡ ಫ್ರೇಮನ್ನು ಚಿಕ್ಕದು ಮಾಡುವ ಉಪಾಯ ಯಾವುದೂ ಇಲ್ಲ. ತುಸು ಚಿಕ್ಕ ಫ್ರೇಮನ್ನಾದರೂ ಸೀಟಿನ ಕಂಬ ಮತ್ತು ಹ್ಯಾಂಡಲ್ಲನ್ನು ಮುಂದಕ್ಕೆ ಹಿಡಿದಿಡುವ ಸ್ಟೆಮ್ ಎಂಬ ತುಂಡನ್ನು ಬದಲಿಸಿ ಒಂದು ಮಿತಿಯವರೆಗೆ ಹಿಗ್ಗಿಸಿಕೊಳ್ಳಬಹುದು. ಎರಡರ ನಡುವೆ ನಿಂತವರಿಗೆ ನಾನು ಚಿಕ್ಕದನ್ನೇ ಹೇಳುತ್ತೇನೆ.

ಬಾರಿರುವ ಸೈಕಲ್ಲಾದರೆ, ಚಪ್ಪಲಿ ಅಥವಾ ಶೂ ಹಾಕಿಕೊಂಡು ಸೀಟಿನ ಮುಂದೆ ಎರಡೂ ಪಾದ ನೆಲಕ್ಕೂರಿ ನಿಂತಾಗ ಬಾರಿಗೂ ಕವಲಿಗೂ ನಡುವೆ ರಸ್ತೆಯ ಸೈಕಲ್ಲಿನಲ್ಲಿ ಎರಡು ಮೂರು ಸೆಂಟಿಮೀಟರ್, ಗುಡ್ಡದ ಸೈಕಲ್ಲಿನಲ್ಲಿ ಕನಿಷ್ಠ ಐದು ಸೆಂಟಿಮೀಟರ್ ಖಾಲಿ ಇರಬೇಕು. ಸೀರೆ, ಸಲ್ವಾರ್ ಅಥವಾ ಪಂಚೆ ಉಡುವವರಿಗೆ, ಸೊಂಟದ ಕೀಲು ಬಿಗಿಯಾಗಿ ಕಾಲೆತ್ತಲು ಕಷ್ಟಪಡುವವರಿಗೆ, ಬಾರಿಲ್ಲದ ಫ್ರೇಮು ಬಹಳ ಒಳ್ಳೆಯದು. ಅದನ್ನು ಹೆಂಗಸರ ಸೈಕಲ್ ಎಂದು ಕರೆದು ವಯಸ್ಸಾದ ಗಂಡಸರು ದೂರವಿಡುವುದರಿಂದ ಅವರಿಗೇ ನಷ್ಟ.

ಸೀಟಿನ ಎತ್ತರ

ಸೈಕಲ್ಲಿನ ಮೇಲೆ ಮಾಡಬಹುದಾದ ಹೊಂದಾಣಿಕೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿಲ್ಲ, ಮತ್ತು ಪುಣೆಯ ರಸ್ತೆಗಳಲ್ಲಿ ನಾನು ನೋಡುವ ಹತ್ತರಲ್ಲಿ ಏಳೆಂಟು ಸವಾರರ ಸೀಟು ಕೆಳಗಿರುತ್ತದೆ. ಕಾರಣ ಸರಳ. ನಳ್ ಸ್ಟಾಪ್, ಸ್ವಾರಗೇಟ್‌ನಂತಹ ಸಿಗ್ನಲ್ಲುಗಳಲ್ಲಿ ನಿಲ್ಲುವಾಗ ಸೀಟಿನ ಮೇಲೆ ಕುಳಿತೇ ಎರಡೂ ಪಾದಗಳನ್ನು ನೆಲಕ್ಕೆ ಊರಬೇಕೆಂದು ಜನ ಬಯಸುತ್ತಾರೆ, ಅಂಗಡಿಯವರೂ ಹಾಗೆಯೇ ಇಳಿಸಿಕೊಡುತ್ತಾರೆ. ಹಾಗೆ ಇಳಿಸಿದಾಗ ಪೆಡಲು ಮೇಲೆ ಬರುವಷ್ಟರಲ್ಲಿ ಮೊಣಕಾಲು ಅತಿಯಾಗಿ ಮಡಚಿ, ತೊಡೆಯ ಸ್ನಾಯು ಎಳೆಯುವ ಬಲವೆಲ್ಲ ಮೊಣಕಾಲಿನ ಚಿಪ್ಪನ್ನು ಮೂಳೆಗೆ ಒತ್ತುತ್ತದೆ. ಮುಂಭಾಗದ ನೋವು ಹುಟ್ಟುವುದು ಹೀಗೆ. ನಿಲ್ಲುವ ಸರಿಯಾದ ಕ್ರಮವೆಂದರೆ ಬ್ರೇಕು ಹಿಡಿಯುತ್ತಿದ್ದಂತೆ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲನ್ನು ನೆಲಕ್ಕೂರುವುದು. ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿದರೆ ಇದು ರೂಢಿಯಾಗುತ್ತದೆ, ಮತ್ತು ಸೀಟನ್ನು ಸರಿಯಾದ ಎತ್ತರಕ್ಕೆ ಏರಿಸುವ ಧೈರ್ಯ ಅದರ ನಂತರವೇ ಬರುತ್ತದೆ.

ಎತ್ತರ ಕಂಡುಕೊಳ್ಳಲು ಸಲಕರಣೆಯೇ ಬೇಡದ ದಾರಿ ಹಿಮ್ಮಡಿಯದು. ಗೋಡೆಗೆ ಅಥವಾ ಕಂಬಕ್ಕೆ ಒಂದು ಕೈ ಊರಿ ಸೀಟಿನ ಮೇಲೆ ನೇರವಾಗಿ ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಅತ್ಯಂತ ಕೆಳಗಿನ ಬಿಂದುವಿಗೆ ತನ್ನಿ. ಅಲ್ಲಿ ಮೊಣಕಾಲು ಪೂರ್ತಿ ನೇರವಾಗಬೇಕು, ಆದರೆ ಸೊಂಟ ಪಕ್ಕಕ್ಕೆ ಜಾರಬಾರದು. ಆಮೇಲೆ ಪಾದದ ಮುಂಭಾಗವನ್ನು, ಹೆಬ್ಬೆರಳಿನ ಬುಡದ ಉಬ್ಬನ್ನು, ಪೆಡಲಿನ ಅಚ್ಚಿನ ಮೇಲಿಟ್ಟರೆ ಮೊಣಕಾಲಿನಲ್ಲಿ ತಾನಾಗಿಯೇ ಸಣ್ಣ ಬಾಗು ಉಳಿಯುತ್ತದೆ. ಈ ಬಾಗು 25ರಿಂದ 35 ಡಿಗ್ರಿಯ ಒಳಗಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಿತಿ.

ಅಳತೆಪಟ್ಟಿಯಿಂದ ಪರೀಕ್ಷಿಸಿಕೊಳ್ಳುವವರಿಗೆ ಎರಡು ಲೆಕ್ಕಗಳಿವೆ. 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರಿಂದ ಜನಪ್ರಿಯವಾದ ಲೆಕ್ಕದ ಪ್ರಕಾರ ಕಾಲಿನ ಒಳ ಅಳತೆಯನ್ನು 0.883ರಿಂದ ಗುಣಿಸಿದರೆ, ತುಳಿಯುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಎತ್ತರ ಸಿಗುತ್ತದೆ. ಇನ್ನೊಂದು, ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು 1967ರಲ್ಲಿ ಪ್ರಕಟಿಸಿದ್ದು: ಕೆಳಗಿಳಿದ ಪೆಡಲಿನಿಂದ ಸೀಟಿನ ಮೇಲ್ಮೈವರೆಗಿನ ದೂರ ಒಳ ಅಳತೆಯ ಶೇಕಡಾ 109ರಷ್ಟಿರಬೇಕು. ಒಳ ಅಳತೆ 80 ಇರುವವರಿಗೆ ಮೊದಲ ಲೆಕ್ಕದಲ್ಲಿ 70.6 ಸೆಂಟಿಮೀಟರ್ ಬರುತ್ತದೆ, ಎರಡನೆಯದರಲ್ಲಿ 87.2 ಬಂದು, ಅದರಿಂದ ಸಾಮಾನ್ಯ ಕ್ರ್ಯಾಂಕಿನ ಉದ್ದವಾದ 17 ಸೆಂಟಿಮೀಟರ್ ಕಳೆದರೆ 70.2 ಉಳಿಯುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಒಳ ಅಳತೆ 72 ಇರುವವರಿಗೆ ಇದೇ ಲೆಕ್ಕಗಳು 63.6 ಮತ್ತು 61.5 ಎಂದು ಎರಡು ಸೆಂಟಿಮೀಟರಿನ ವ್ಯತ್ಯಾಸ ತೋರಿಸುತ್ತವೆ. ಮೊದಲನೆಯ ಲೆಕ್ಕ ಕ್ರ್ಯಾಂಕಿನ ಉದ್ದವನ್ನು ಗಮನಿಸುವುದೇ ಇಲ್ಲ, ಗಿಡ್ಡ ಕಾಲಿನವರಿಗೂ ಅದೇ 170 ಮಿಲಿಮೀಟರಿನ ಕ್ರ್ಯಾಂಕು ಸಿಗುತ್ತದೆ ಎಂಬುದೇ ಇದರ ಕಾರಣ. ಆದ್ದರಿಂದ ಕಾಲು ಗಿಡ್ಡವಿರುವವರು ಕೆಳಗಿನ ಅಳತೆಯಿಂದ ಆರಂಭಿಸಿ ಮೇಲಕ್ಕೆ ಹೋಗುವುದು ಕ್ಷೇಮ. ಆಯ್ಕೆ ಇದ್ದರೆ 165 ಮಿಲಿಮೀಟರಿನ ಕ್ರ್ಯಾಂಕು ಇರುವ ಸೈಕಲ್ಲನ್ನು ಕೇಳಿ ಪಡೆಯಬೇಕು.

ಏರಿಸುವುದಾಗಲಿ ಇಳಿಸುವುದಾಗಲಿ ಒಂದು ಸಲಕ್ಕೆ ಐದು ಮಿಲಿಮೀಟರಿಗಿಂತ ಹೆಚ್ಚು ಬೇಡ. ಹೊಸ ಎತ್ತರದಲ್ಲಿ ಎರಡು ಮೂರು ದಿನ ತುಳಿದು, ಮೈ ಏನು ಹೇಳುತ್ತದೆಂದು ಕೇಳಿ ಮುಂದುವರಿಯಬೇಕು. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ಕೆಳಗಿರುವ ಸಾಧ್ಯತೆ ಹೆಚ್ಚು, ಹಿಂಭಾಗ ಎಳೆಯುತ್ತಿದ್ದರೆ ಮೇಲಿರುವ ಸಾಧ್ಯತೆ ಹೆಚ್ಚು. ಹಿಂದಿನಿಂದ ಬರುವ ಜೊತೆಗಾರರಿಗೆ ನಿಮ್ಮ ಸೊಂಟವನ್ನು ನೋಡಲು ಹೇಳಿ. ಅದು ತಕ್ಕಡಿಯಂತೆ ಎಡಬಲಕ್ಕೆ ತೂಗುತ್ತಿದ್ದರೆ ಸೀಟು ಮೇಲಾಗಿರುವ ಸಾಧ್ಯತೆ ಬಹಳ ಹೆಚ್ಚು.

ಎತ್ತರದ ನಂತರ ಸೀಟನ್ನು ಹಿಂದೆಮುಂದೆ ಸರಿಸುವ ಕೆಲಸ. ಎರಡೂ ಕ್ರ್ಯಾಂಕುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಮುಂದಿರುವ ಕಾಲಿನ ಮೊಣಕಾಲ ಚಿಪ್ಪಿನ ಕೆಳಗಿನಿಂದ ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟರೆ ಅದು ಪೆಡಲಿನ ಅಚ್ಚಿನ ಮೇಲೆ ಹಾಯಬೇಕು. ಇದು ಶಾಸ್ತ್ರದ ಕಟ್ಟಳೆಯೇನಲ್ಲ, ಒಳ್ಳೆಯ ಆರಂಭದ ಸ್ಥಾನ ಅಷ್ಟೆ. ಸೀಟನ್ನು ಹಿಂದಕ್ಕೆ ತಳ್ಳಿದಾಗ ಪೆಡಲಿನಿಂದ ಅದರ ದೂರವೂ ಹೆಚ್ಚುವುದರಿಂದ ಎತ್ತರವನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.

ಹ್ಯಾಂಡಲ್ಲಿನ ದೂರ

ಸೀಟು ತನ್ನ ಜಾಗದಲ್ಲಿ ನಿಂತ ಮೇಲೆಯೇ ಹ್ಯಾಂಡಲ್ಲಿನ ಕಡೆಗೆ ನೋಡಬೇಕು. ಕೈಗೆ ಎಟಕುವುದಿಲ್ಲವೆಂದು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುವುದು ಬಹಳ ಜನ ಮಾಡುವ ತಪ್ಪು. ಕೈಯ ತೊಂದರೆ ಅದರಿಂದ ಮೊಣಕಾಲಿಗೆ ವರ್ಗವಾಗುತ್ತದೆ. ಹಳೆಯ ಸೈಕಲ್ ಮಿಸ್ತ್ರಿಗಳು ಬಳಸುತ್ತಿದ್ದ ಮೊಳದ ಪರೀಕ್ಷೆ ಇವತ್ತಿಗೂ ಮೊದಲ ಅಂದಾಜಿಗೆ ಸಾಕು: ಮೊಣಕೈಯನ್ನು ಸೀಟಿನ ಮೂತಿಗೆ ತಾಗಿಸಿ ಕೈಯನ್ನು ಮುಂದಕ್ಕೆ ಚಾಚಿದರೆ ನಡುಬೆರಳಿನ ತುದಿ ಹ್ಯಾಂಡಲ್ಲಿನ ಅಡ್ಡ ಕೊಳವೆಯನ್ನು ಮುಟ್ಟಬೇಕು, ಅಥವಾ ಎರಡು ಮೂರು ಬೆರಳಿನಷ್ಟೇ ದೂರ ಉಳಿಯಬೇಕು. ಅಳತೆ ಪರರದಾಗಿರದೆ ಸವಾರನದೇ ಮೊಳವಾಗಿರುವುದರಿಂದ ಅದು ಅವನ ಮೈಗೆ ತಕ್ಕುದಾಗಿಯೇ ಬರುತ್ತದೆ.

ಸವಾರಿಯಲ್ಲಿ ಪರೀಕ್ಷಿಸುವ ವಿಧಾನ ಇನ್ನೂ ಖಚಿತವಾದುದು. ಹ್ಯಾಂಡಲ್ ಹಿಡಿದು ಸಮತಟ್ಟಾದ ರಸ್ತೆಯಲ್ಲಿ ಹೋಗುವಾಗ ಮೊಣಕೈಗಳಲ್ಲಿ ಸಣ್ಣ ಬಾಗಿರಬೇಕು, ಭುಜಗಳು ಕಿವಿಯ ಕಡೆಗೆ ಏರಿರಬಾರದು, ಬೆರಳುಗಳಿಂದ ಹಾರ್ಮೋನಿಯಂ ನುಡಿಸುವಷ್ಟು ಸಡಿಲವಾಗಿ ಕೈ ಇಡಲು ಆಗಬೇಕು. ಕೈ ಸಡಿಲಿಸಿದೊಡನೆ ಮೈ ಮುಂದಕ್ಕೆ ಕುಸಿಯುವಂತಿದ್ದರೆ ಭಾರವೆಲ್ಲ ಅಂಗೈಯ ಮೇಲಿದೆ ಎಂದರ್ಥ. ಆ ಒತ್ತಡ ಕಿರುಬೆರಳ ಕಡೆಯ ನರದ ಮೇಲೆ ಬಿದ್ದು, ಅರ್ಧ ಗಂಟೆಯೊಳಗೆ ಉಂಗುರಬೆರಳು ಮತ್ತು ಕಿರುಬೆರಳು ಜೋಮು ಹಿಡಿಯುತ್ತವೆ. ಇದಕ್ಕೆ ದಪ್ಪ ಕೈಗವಸು ಕೊಳ್ಳುವವರೇ ಹೆಚ್ಚು. ಮೊದಲು ನೋಡಬೇಕಾದದ್ದು ಹ್ಯಾಂಡಲ್ ದೂರವಿದೆಯೇ, ತೀರ ಕೆಳಗಿದೆಯೇ, ಸೀಟಿನ ಮೂತಿ ಕೆಳಕ್ಕೆ ಬಾಗಿ ನಿಮ್ಮನ್ನು ಮುಂದಕ್ಕೆ ಜಾರಿಸುತ್ತಿದೆಯೇ ಎಂಬುದನ್ನು.

ದೂರವನ್ನು ಬದಲಿಸುವ ಭಾಗ ಸ್ಟೆಮ್. ಅದು ಹತ್ತು ಹತ್ತು ಮಿಲಿಮೀಟರಿನ ಅಂತರದಲ್ಲಿ ಸಿಗುತ್ತದೆ. 100 ಮಿಲಿಮೀಟರಿನದನ್ನು ತೆಗೆದು 80ರದನ್ನು ಹಾಕಿದರೂ ಬೆನ್ನಿಗೆ ಆಗುವ ವ್ಯತ್ಯಾಸ ಗಣನೀಯ. ಆದರೆ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಬದಲಿಸಬೇಕಾಗಿ ಬಂದರೆ ಗಾಡಿಯ ತಿರುಗುವ ಗುಣವೇ ಬದಲಾಗುತ್ತದೆ, ಅಂದರೆ ಫ್ರೇಮೇ ನಿಮ್ಮದಲ್ಲ. ಹೊಸ ಸೈಕಲ್ಲಿನ ವಿವರಪಟ್ಟಿಯಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಳತೆಗಳು ಇದ್ದರೆ ಅವನ್ನು ತಪ್ಪದೆ ನೋಡಿ: ತುಳಿಯುವ ಅಚ್ಚಿನಿಂದ, ಫ್ರೇಮಿನಲ್ಲಿ ಹ್ಯಾಂಡಲ್ಲಿನ ಕಂಬ ಇಳಿಯುವ ಕೊಳವೆಯ ಮೇಲ್ತುದಿ ಎಷ್ಟು ಎತ್ತರದಲ್ಲಿದೆ ಎಂಬುದು ಮೊದಲನೆಯದು, ಎಷ್ಟು ಮುಂದಿದೆ ಎಂಬುದು ಎರಡನೆಯದು. ಎರಡು ಕಂಪನಿಗಳ ಎಂ ಸೈಜುಗಳನ್ನು ಪ್ರಾಮಾಣಿಕವಾಗಿ ಹೋಲಿಸಲು ಇವಕ್ಕಿಂತ ಒಳ್ಳೆಯ ಸಂಖ್ಯೆಗಳಿಲ್ಲ. ದಿನವೂ ಕಚೇರಿಗೆ ಹೋಗುವವರು, ನಲವತ್ತು ದಾಟಿ ಸೈಕಲ್ಲಿಗೆ ಮರಳಿದವರು ಸ್ಟ್ಯಾಕ್ ಹೆಚ್ಚಿರುವುದನ್ನು ಆರಿಸಿದರೆ ಕುತ್ತಿಗೆಗೆ ಸುಖ.

ಬ್ರೇಕಿನ ಹಿಡಿಯೂ ಅಳತೆಯ ಭಾಗವೇ. ಚಿಕ್ಕ ಅಂಗೈಯವರಿಗೆ ಹಿಡಿ ದೂರವಿದ್ದರೆ ಕಾತ್ರಜ್ ಘಾಟಿಯಂಥ ಇಳಿಜಾರಿನಲ್ಲಿ ಬೆರಳು ಸೋತುಹೋಗುತ್ತವೆ. ಬಹಳಷ್ಟು ಹಿಡಿಗಳಲ್ಲಿ ಅದನ್ನು ಹತ್ತಿರಕ್ಕೆ ತರುವ ಸಣ್ಣ ತಿರುಪು ಇರುತ್ತದೆ. ಅಂಗಡಿಯಲ್ಲೇ ಹೇಳಿ ಮಾಡಿಸಿಕೊಳ್ಳಬೇಕು. ಮುಂಗೈ ಮತ್ತು ಬೆರಳುಗಳು ಒಂದೇ ನೇರದಲ್ಲಿ ಹಿಡಿಗೆ ಇಳಿಯುವಂತೆ ಅದರ ಓರೆಯನ್ನೂ ಹೊಂದಿಸಿಕೊಳ್ಳಿ.

ಕೂರುವ ಜಾಗ

ಮೆತ್ತಗಿರುವ ಸೀಟು ಸುಖವೆಂಬ ನಂಬಿಕೆ ಮೊದಲ ಹತ್ತು ನಿಮಿಷಕ್ಕೆ ಮಾತ್ರ ನಿಜ. ಕೂತಾಗ ಭಾರ ಹೊರುವುದು ಪೃಷ್ಠದ ಒಳಗಿರುವ ಎರಡು ಮೂಳೆಗಳು. ತೀರ ಮೆದುವಾದ ಸೀಟಿನಲ್ಲಿ ಅವು ಇಳಿದುಹೋಗಿ, ನಡುವಿನ ಮೃದು ಭಾಗಕ್ಕೆ ಒತ್ತಡ ಬೀಳುತ್ತದೆ. ಆ ಎರಡು ಮೂಳೆಗಳ ನಡುವಿನ ಅಂತರವನ್ನು ಮನೆಯಲ್ಲೇ ಅಳೆಯಬಹುದು. ಮೆಟ್ಟಿಲಿನ ಮೇಲೆ ಅಥವಾ ಗಟ್ಟಿ ಮಣೆಯ ಮೇಲೆ ಅಲೆಅಲೆಯಾದ ಪದರವಿರುವ ರಟ್ಟನ್ನು ಹಾಸಿ, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು ತುಸು ಮುಂದಕ್ಕೆ ಬಾಗಿ ಒಂದು ನಿಮಿಷ ಭಾರ ಬಿಡಿ. ಎದ್ದು ನೋಡಿದರೆ ಎರಡು ತಗ್ಗುಗಳು ಕಾಣುತ್ತವೆ. ಅವುಗಳ ನಡುಬಿಂದುಗಳ ಅಂತರಕ್ಕೆ ಸುಮಾರು ಎರಡು ಸೆಂಟಿಮೀಟರ್ ಕೂಡಿಸಿದರೆ ನಿಮಗೆ ಬೇಕಾದ ಸೀಟಿನ ಅಗಲ ಸಿಗುತ್ತದೆ. ನೆಟ್ಟಗೆ ಕೂತು ಓಡಿಸುವ ಸೈಕಲ್ಲಾದರೆ ಇನ್ನೊಂದು ಸೆಂಟಿಮೀಟರ್ ಹೆಚ್ಚಿರಲಿ. ಹೆಂಗಸರಲ್ಲಿ ಈ ಅಂತರ ಸರಾಸರಿ ಹೆಚ್ಚಿರುವುದರಿಂದ, ಕಂಪನಿ ಹಾಕಿಕೊಟ್ಟ ಕಿರಿದಾದ ಸೀಟಿನಲ್ಲೇ ನೋವು ಸಹಿಸಿಕೊಂಡು ಹೋಗುವುದು ಬೇಡ; ಸೀಟು ಬದಲಿಸುವ ಖರ್ಚು ಸೈಕಲ್ಲಿನ ಬೆಲೆಯ ಮುಂದೆ ಸಣ್ಣದು. ಸೀಟು ನೆಲಕ್ಕೆ ಸಮಮಟ್ಟವಾಗಿರಲಿ, ಗಾರೆಯವರ ಮಟ್ಟಗೋಲಿಟ್ಟು ನೋಡಿದರೆ ತಿಳಿಯುತ್ತದೆ.

ಮಕ್ಕಳಿಗೆ

ಮಕ್ಕಳ ಸೈಕಲ್ಲುಗಳು ಮಾತ್ರ ಚಕ್ರದ ಇಂಚಿನ ಮೇಲೆಯೇ, 12, 14, 16, 20, 24 ಎಂದು ಮಾರಾಟವಾಗುತ್ತವೆ. ಬೆಳೆಯುವ ಮಗುವಲ್ಲವೇ ಎಂದು ಒಂದು ಸೈಜು ದೊಡ್ಡದನ್ನು ತರುವುದು ಶಾಲೆಯ ಸಮವಸ್ತ್ರಕ್ಕೆ ಸರಿಹೋಗಬಹುದು. ಸೈಕಲ್ಲಿನಲ್ಲಿ ಮಗು ಬ್ರೇಕು ಹಿಡಿಯಲಾಗದೆ, ಕಾಲೂರಲಾಗದೆ ಬೀಳುತ್ತದೆ. ಕಲಿಯುತ್ತಿರುವ ಮಗುವಿಗೆ ಸೀಟಿನ ಮೇಲೆ ಕೂತು ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರುವಂತಿರಬೇಕು, ಕಲಿತ ಮಗುವಿಗೆ ಬೆರಳ ತುದಿಗಳಾದರೂ ತಾಗಬೇಕು.

ಅಂಗಡಿಯಲ್ಲಿ

ಜನ ಕಡಿಮೆ ಇರುವ ವಾರದ ನಡುವಿನ ಬೆಳಿಗ್ಗೆ ಹೋಗಿ, ದಿನವೂ ಹಾಕುವ ಶೂ ಮತ್ತು ಬಟ್ಟೆಯಲ್ಲೇ ಹೋಗಿ. ಜೇಬಿನಲ್ಲಿ ನಿಮ್ಮ ಮೂರು ಅಳತೆಗಳ ಚೀಟಿ ಮತ್ತು ದರ್ಜಿಯ ಟೇಪು ಇರಲಿ. ಗಾಡಿ ಹತ್ತುವ ಮೊದಲೇ ಸೀಟಿನ ಎತ್ತರವನ್ನು ಲೆಕ್ಕದ ಅಳತೆಗೆ ತರಿಸಿಕೊಳ್ಳಬೇಕು. ತಪ್ಪು ಎತ್ತರದ ಸೀಟಿನಲ್ಲಿ ಎರಡು ಸೈಕಲ್ಲುಗಳನ್ನು ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ. ಪೇಠೆಯ ಹಳೆಯ ಅಂಗಡಿಗಳಲ್ಲಿ ಮರಾಠಿಯಲ್ಲಿ "ಸೀಟ್ ಅಜೂನ್ ವರ್ ಕರಾ" (ಸೀಟನ್ನು ಇನ್ನೂ ಮೇಲೆ ಮಾಡಿ) ಎಂದು ವಿನಯದಿಂದ ಕೇಳಿದರೆ ಮಿಸ್ತ್ರಿಗಳು ಬೇಸರಿಸದೆ ಮೂರು ನಾಲ್ಕು ಸಲ ಏರಿಸಿ ಇಳಿಸಿಕೊಟ್ಟದ್ದನ್ನು ನಾನು ಕಂಡಿದ್ದೇನೆ. ಅಳತೆ ಹೊಂದುವ ಫ್ರೇಮು ಇಲ್ಲದಿದ್ದಾಗ, ಇರುವುದನ್ನೇ ಹೊಂದಿಸಿಕೊಡುತ್ತೇವೆ ಎಂದರೆ ನಮಸ್ಕಾರ ಹೇಳಿ ಹೊರಬನ್ನಿ. ಕಾಯ್ದು ತರಿಸಿಕೊಂಡ ಸೈಕಲ್ ಹತ್ತು ವರ್ಷ ಜೊತೆಗಿರುತ್ತದೆ.

ಅಂಗಡಿಯ ಮುಂದಿನ ಐವತ್ತು ಗಜದ ಸುತ್ತು ಪರೀಕ್ಷೆಯಾಗದು. ಕನಿಷ್ಠ ಹದಿನೈದು ನಿಮಿಷ, ಅದರಲ್ಲಿ ಒಂದು ಏರು ಇರುವಂತೆ ಓಡಿಸಲು ಅನುಮತಿ ಕೇಳಿ. ಪೌಡ್ ರಸ್ತೆ ಚಾಂದನಿ ಚೌಕದ ಕಡೆಗೆ ಏರುವ ಭಾಗದಲ್ಲಿ ನಾನು ಈಗಿನ ಸೈಕಲ್ಲನ್ನು ಪರೀಕ್ಷಿಸಿದ್ದೆ. ಸಮತಟ್ಟಿನಲ್ಲಿ ಮರೆಯಾಗುವ ದೋಷಗಳೆಲ್ಲ ಏರಿನಲ್ಲಿ ಹೊರಬೀಳುತ್ತವೆ: ಹ್ಯಾಂಡಲ್ ಹತ್ತಿರವಿದ್ದರೆ ಮೊಣಕಾಲು ಅದಕ್ಕೆ ಬಡಿಯುತ್ತದೆ, ಸೀಟು ಮುಂದಿದ್ದರೆ ತೊಡೆಯ ಮುಂಭಾಗ ಬೇಗ ಉರಿಯುತ್ತದೆ, ಹ್ಯಾಂಡಲ್ ದೂರವಿದ್ದರೆ ಸೊಂಟದ ಕೆಳಭಾಗ ಬಿಗಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಿಂದ ಸುಮಾರು 1,300 ಮೀಟರಿನ ಸಿಂಹಗಡವನ್ನು ಮುಂದೊಂದು ದಿನ ಏರಬೇಕೆಂಬ ಆಸೆಯಿರುವವರು ಈ ಏರಿನ ಪರೀಕ್ಷೆಯನ್ನು ಬಿಡಲೇಬಾರದು.

ಓದು ಮುಗಿಸಿ ಊರಿಗೆ ಮರಳುವ ವಿದ್ಯಾರ್ಥಿಗಳಿಂದ ಹಳೆಯ ಸೈಕಲ್ ಕೊಳ್ಳುವುದಾದರೆ, ಈ ಎಲ್ಲದರ ಜೊತೆಗೆ ಸೀಟಿನ ಕಂಬವನ್ನು ಪೂರ್ತಿ ಹೊರಗೆ ತೆಗೆಸಿ ನೋಡಬೇಕು. ಪುಣೆಯ ಮಳೆಯಲ್ಲಿ ಎರಡು ಮೂರು ವರ್ಷ ನಿಂತ ಗಾಡಿಯಲ್ಲಿ ಆ ಕಂಬ ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುವುದುಂಟು. ಅಂಥದ್ದರಲ್ಲಿ ಫ್ರೇಮು ನಿಮ್ಮ ಅಳತೆಯದೇ ಆಗಿದ್ದರೂ ಸೀಟು ಹಿಂದಿನ ಒಡೆಯನ ಅಳತೆಯಲ್ಲೇ ಉಳಿಯುತ್ತದೆ. ಹೊರಬಂದರೆ ಒರೆಸಿ ಗ್ರೀಸು ಸವರಿ ಮತ್ತೆ ಇಳಿಸಲು ಹೇಳಿ, ಮತ್ತು ಕನಿಷ್ಠ ಮಟ್ಟದ ಗೆರೆ ಕೊಳವೆಯ ಒಳಗೇ ಇದೆಯೆಂದು ಕಣ್ಣಾರೆ ನೋಡಿಕೊಳ್ಳಿ. ಆ ಗೆರೆ ಹೊರಗಿದ್ದರೆ ಕಂಬ ಮುರಿಯುವ ಅಪಾಯವಿದೆ.

ಎಲ್ಲ ಹೊಂದಾಣಿಕೆಗಳ ನಂತರವೂ ನೋವು ಮೂರು ನಾಲ್ಕು ವಾರ ಉಳಿದರೆ, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಿದ್ದರೆ, ಹಿಂದೆ ಮೊಣಕಾಲು ಅಥವಾ ಬೆನ್ನಿಗೆ ಪೆಟ್ಟಾಗಿದ್ದರೆ, ಸೈಕಲ್ ಅಳತೆಯನ್ನೇ ಕಸುಬಾಗಿ ಮಾಡುವವರ ಬಳಿಗೋ ಮೂಳೆ ವೈದ್ಯರ ಬಳಿಗೋ ಹೋಗಬೇಕು. ಅಲ್ಲಿ ಮನೆಯ ಟೇಪು ಸಾಲದು.

ಅಳತೆ ಸರಿಹೊಂದಿದ ದಿನವೇ ಸೀಟಿನ ಕಂಬ ಕೊಳವೆಗೆ ಸೇರುವ ಜಾಗದಲ್ಲಿ ಬಣ್ಣದ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿ, ಸೀಟಿನ ಎತ್ತರ, ಸೀಟಿನ ಮೂತಿಯಿಂದ ಹ್ಯಾಂಡಲ್ಲಿಗೆ ಇರುವ ದೂರ, ಸ್ಟೆಮ್ಮಿನ ಉದ್ದ ಇಷ್ಟನ್ನೂ ಬರೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಸರ್ವಿಸಿಗೆ ಕೊಟ್ಟಾಗ ಸೀಟನ್ನು ಕಳಚಿ ತೊಳೆದು ತಮಗೆ ತೋಚಿದ ಎತ್ತರಕ್ಕೆ ಬಿಗಿಯುತ್ತಾರೆ. ಊರಿನಿಂದ ಬಂದ ಅಳಿಯನೋ ತಮ್ಮನೋ ಒಂದು ಸುತ್ತು ಹೋಗಿ ಬರಲು ಇಳಿಸಿಕೊಂಡಿರುತ್ತಾನೆ. ಟೇಪಿನ ಗುರುತಿದ್ದರೆ ಮರುದಿನ ಬೆಳಿಗ್ಗೆ ಹೊರಡುವ ಮೊದಲು ಅರ್ಧ ನಿಮಿಷದಲ್ಲಿ ಸೀಟು ಮತ್ತೆ ನಿಮ್ಮ ಎತ್ತರಕ್ಕೆ ಬರುತ್ತದೆ.